ಬೆಳತನಕ ಉರಿಯುವ ಬ್ಯಾಟರಿ

ಸಣ್ಣದೊಂದು ಟಾರ್ಚ್ ಕೊಂಡು, ಒಂದು ತಿಂಗಳು ಪರೀಕ್ಷೆ ಮಾಡಿ, ಅದರ ಬಗ್ಗೆ ಕಾಲೇಜು ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಗೆಳೆಯರು ನಕ್ಕರು. ಬರೆಯಲು ಬೇರೆ ವಿಷಯವೇ ಸಿಗಲಿಲ್ಲವೇ ಎಂದರು. ಆದರೆ ನಕ್ಕವರಲ್ಲಿ ಅರ್ಧದಷ್ಟು ಜನರ ಮನೆಯಿಂದ ಯಾರಾದರೊಬ್ಬರು ರಾತ್ರಿ ಹೊಲಕ್ಕೆ ಹೋಗುತ್ತಾರೆ. ಅವರು ಯಾವ ಬೆಳಕು ಹಿಡಿದು ಹೋಗುತ್ತಾರೆ ಎಂದು ಕೇಳಿದೆ. ಬಹಳ ಮಂದಿಯ ಉತ್ತರ ಒಂದೇ ಆಗಿತ್ತು: ಮೊಬೈಲು.

ಮೊದಲಿಗೆ ಒಂದು ಮಾತು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತೇವೆ, ಅದರೊಳಗೆ ಹಾಕುವುದಕ್ಕೆ ಶೆಲ್ ಎನ್ನುತ್ತೇವೆ. ಗೊಂದಲ ಬೇಡವೆಂದು ಇಲ್ಲಿ ಟಾರ್ಚ್, ಶೆಲ್ ಎಂದೇ ಬರೆಯುತ್ತೇನೆ.

ಚಚಡಿಯಲ್ಲಿ ನಮ್ಮದು ಎರೆ ಹೊಲ. ಅರ್ಧ ಕಬ್ಬು, ಉಳಿದದ್ದರಲ್ಲಿ ಗೋವಿನಜೋಳ, ಕಡಲೆ. ಬೋರಿನ ಪಂಪ್‌ಸೆಟ್ ನಡೆಯಬೇಕಾದರೆ ಮೂರು ಫೇಸ್ ಕರೆಂಟ್ ಬೇಕು, ಅದು ಕೆಲವು ವಾರ ಹಗಲು ಬಂದರೆ ಕೆಲವು ವಾರ ರಾತ್ರಿ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ಅಬ್ಬಾ ಇಶಾ ನಮಾಜ್ ಮುಗಿಸಿ, ಊಟ ಮಾಡಿ, ಸಲಿಕೆ ಹೆಗಲಿಗಿಟ್ಟು ಹೊರಡುತ್ತಾರೆ. ಹತ್ತು ಗಂಟೆಗೆ ಸ್ಟಾರ್ಟರ್ ಒತ್ತಿದರೆ ಬೆಳಗಿನ ಐದರವರೆಗೆ ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಲೇ ಇರಬೇಕು. ಕಾಲಡಿ ಕೆಸರು, ಬದುವಿನ ಮೇಲೆ ಹುಲ್ಲು, ಕಬ್ಬಿನ ಸಾಲುಗಳ ನಡುವೆ ಒಣಗಿದ ರವದಿ. ಇಲಿ ಇರುವುದು ಅಲ್ಲೇ, ಇಲಿಯ ಹಿಂದೆ ಹಾವೂ ಅಲ್ಲೇ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ. ಅವರಲ್ಲಿ ಬಹುಪಾಲು ಹಳ್ಳಿಯವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ, ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ – ಈ ನಾಲ್ಕು ಹೆಸರು ಜೀವಶಾಸ್ತ್ರ ಓದುವವರಿಗೆ ಗೊತ್ತು. ಇವುಗಳಲ್ಲಿ ಕಟ್ಟುಹಾವು ಹೊರಬರುವುದೇ ರಾತ್ರಿ. ಕೊಳಕುಮಂಡಲದ ಮೈಬಣ್ಣ ಒಣ ರವದಿಯಲ್ಲಿ ಬೆರೆತುಹೋಗುತ್ತದೆ. ಟಾರ್ಚ್ ಔಷಧ ಅಲ್ಲ. ಕಚ್ಚಿದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗುವುದೊಂದೇ ದಾರಿ. ಆದರೆ ಕಾಲಿಡುವ ಮೊದಲೇ ಹಾವು ಕಂಡರೆ ಆಸ್ಪತ್ರೆಯ ಮಾತೇ ಬರುವುದಿಲ್ಲ.

ಮೊಬೈಲಿನಲ್ಲೂ ಬೆಳಕಿದೆಯಲ್ಲ ಎನ್ನಬಹುದು. ಇದೆ. ಆದರೆ ಅದು ಕೋಣೆಯಲ್ಲಿ ಬಿದ್ದ ಕೀಲಿ ಹುಡುಕಲು ಸರಿ. ಅದರ ಬೆಳಕು ಹರಡಿಕೊಂಡು ನಾಲ್ಕು ಹೆಜ್ಜೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಒದ್ದೆ ಕೈಯಿಂದ ಜಾರುತ್ತದೆ, ಸಾಲಿನ ನೀರಿಗೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಕಿಗೆಂದು ಚಾರ್ಜ್ ಖಾಲಿ ಮಾಡಿಕೊಂಡರೆ 108ಕ್ಕೆ ಕರೆ ಮಾಡುವುದು ಯಾವುದರಿಂದ? ಹೊಲದಲ್ಲಿ ಮೊಬೈಲು ಕರೆಗೆ, ಟಾರ್ಚ್ ಬೆಳಕಿಗೆ. ಎರಡನ್ನೂ ಬೇರೆ ಇಡುವುದೇ ಲೇಸು.

ದಾದಾ ಕಾಲದ ಮೂರು ಶೆಲ್ಲಿನ ಉಕ್ಕಿನ ಟಾರ್ಚ್ ನಮ್ಮ ಮನೆಯಲ್ಲಿ ಇನ್ನೂ ಇದೆ. ಕಂದೀಲಿನ ನಂತರ ಬಂದದ್ದು ಅದು, ಮರದ ತುದಿಯವರೆಗೆ ಬೆಳಕು ಚೆಲ್ಲುತ್ತದೆ. ಆದರೆ ಅದರ ತೂಕ ಮತ್ತು ಗಾತ್ರಕ್ಕೆ ಅದು ಯಾವಾಗಲೂ ಗೂಟದಲ್ಲೇ ತೂಗುತ್ತಿರುತ್ತದೆ. ಬೇಕಾದ ಹೊತ್ತಿಗೆ ಮನೆಯಲ್ಲಿರುವ ಟಾರ್ಚಿನಿಂದ ಹೊಲದಲ್ಲಿರುವವನಿಗೆ ಉಪಯೋಗವಿಲ್ಲ. ಆದ್ದರಿಂದ ನಾನು ಹುಡುಕಿದ್ದು ಅಂಗಿಯ ಜೇಬಿನಲ್ಲಿ ಇಟ್ಟಿದ್ದೇ ಮರೆತುಹೋಗುವಂಥದ್ದು, ಮೊಬೈಲಿನ ಚಾರ್ಜರಿನಿಂದಲೇ ಚಾರ್ಜ್ ಆಗುವಂಥದ್ದು.

ಸಿಕ್ಕಿದ್ದು ಅಲ್ಯೂಮಿನಿಯಂ ಮೈಯ ಒಂದು ಟಾರ್ಚ್. ಉದ್ದ 11 ಸೆಂಟಿಮೀಟರ್. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಶೆಲ್ ಸಮೇತ 112 ಗ್ರಾಂ ತೂಗಿತು. ಒಳಗೆ 18650 ಎಂಬ ಗುರುತಿನ ಒಂದು ಲಿಥಿಯಂ ಅಯಾನ್ ಶೆಲ್. ಆ ಸಂಖ್ಯೆಯಲ್ಲೇ ಅದರ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಪಕ್ಕದಲ್ಲಿ ಟೈಪ್-ಸಿ ಕಿಂಡಿ, ಬುಡದಲ್ಲಿ ಅಯಸ್ಕಾಂತ, ಮೇಲೊಂದು ಕ್ಲಿಪ್ಪು. ಪಕ್ಕದ ಹೊಲದ ಕಾಕಾ ಅದನ್ನು ಅಂಗೈಯಲ್ಲಿಟ್ಟುಕೊಂಡು, "ತಮ್ಮಾ, ಇದೇನೋ ಬೆಂಡಿಕಾಯಿ ಇದ್ದಂಗೈತಿ, ಇದು ಎಷ್ಟ ಬೆಳಕ ಕೊಟ್ಟೀತು?" ಎಂದರು. ಅಬ್ಬಾ ಕೇಳಿದ್ದು ಬೇರೆ ಪ್ರಶ್ನೆ. "ಬೇಟಾ, ಡಬ್ಬಿ ಮ್ಯಾಲ ಏನ ಬರದಾರ ಅನ್ನೂದು ಬ್ಯಾಡ. ನೀರು ಮುಗಿಯೂತನಕಾ ಉರೀತೈತೇನು, ಅಷ್ಟ ಹೇಳು."

ನನ್ನ ಇಡೀ ಪರೀಕ್ಷೆ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದ್ದು.

ಮೊದಲು ಡಬ್ಬಿಯ ಲೆಕ್ಕ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 1000 ಲ್ಯೂಮೆನ್ ಎಂದಿತ್ತು. ಲ್ಯೂಮೆನ್ ಎಂದರೆ ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಒಂದು ಮೇಣದಬತ್ತಿಯದು ಸುಮಾರು 12 ಲ್ಯೂಮೆನ್. ಹಾಗಾದರೆ ಈ ಬೆಂಡಿಕಾಯಿಯಲ್ಲಿ ಎಂಬತ್ತಕ್ಕೂ ಹೆಚ್ಚು ಮೇಣದಬತ್ತಿಗಳಿವೆ. ಸಾಧ್ಯವೇ? ಸಾಧ್ಯ. ಆದರೆ ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಶೆಲ್ಲಿನ ಮೇಲೆ 2600 ಎಂಎಎಚ್, 3.6 ವೋಲ್ಟ್ ಎಂದು ಬರೆದಿದೆ. ಗುಣಿಸಿದರೆ 9.36 ವ್ಯಾಟ್-ಅವರ್. ಒಳ್ಳೆಯ ಎಲ್‌ಇಡಿ ಟಾರ್ಚ್ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದುಕೊಳ್ಳೋಣ. 1000 ಲ್ಯೂಮೆನ್‌ಗೆ 10 ವ್ಯಾಟ್ ಬೇಕು. ಅಂದರೆ ಒಂದು ಗಂಟೆ ತುಂಬುವ ಮೊದಲೇ ಶೆಲ್ ಖಾಲಿ. ಆದರೆ ಡಬ್ಬಿಯ ಮೇಲೆ ಎರಡೂವರೆ ಗಂಟೆ ಎಂದಿತ್ತು!

ಇದು ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಟಾರ್ಚುಗಳನ್ನು ಅಳೆಯಲು ಎಫ್‌ಎಲ್1 ಎಂಬ ಒಂದು ಮಾನದಂಡವಿದೆ, ಅಮೆರಿಕದಲ್ಲಿ 2009ರಲ್ಲಿ ಜಾರಿಗೆ ಬಂದದ್ದು. ಅದರಂತೆ ಲ್ಯೂಮೆನ್ ಅಳೆಯುವುದು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಉರಿಯುವ ಅವಧಿ ಎಂದು ಬರೆಯುವುದು ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಕಾಲ. ಅಂದರೆ ಮೊದಲ ಎರಡು ನಿಮಿಷ ಮದುಮಗನ ಹಾಗೆ ಮೆರೆದು, ಆಮೇಲೆ ಸೊರಗಿ ಸೊರಗಿ ಎರಡೂವರೆ ಗಂಟೆ ತಳ್ಳಿದರೂ ಡಬ್ಬಿಯ ಮಾತು ಉಳಿಯುತ್ತದೆ.

ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ಇದೇ ಬಗೆಯ ಲೆಕ್ಕವಿದೆ. ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರವನ್ನೇ ಡಬ್ಬಿಯ ಮೇಲೆ ಮೀಟರ್‌ಗಳಲ್ಲಿ ಬರೆಯುತ್ತಾರೆ. 0.25 ಲಕ್ಸ್ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳನ್ನು ಬೆಳದಿಂಗಳಲ್ಲಿ ನೋಡಿದವರಿಗೆ ಗೊತ್ತು: ಆ ಬೆಳಕಿನಲ್ಲಿ ದಾರಿ ಕಾಣುತ್ತದೆ, ಎತ್ತು ಕಾಣುತ್ತದೆ, ಆದರೆ ದಾರಿಯಲ್ಲಿ ಬಿದ್ದಿರುವುದು ಏನೆಂದು ಗೊತ್ತಾಗುವುದಿಲ್ಲ. ಡಬ್ಬಿಯ 100 ಮೀಟರ್ ಎಂದರೆ 100 ಮೀಟರ್ ಆಚೆ ಅಷ್ಟೇ ಬೆಳಕು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ ಎಂದು ಪ್ರಥಮ ಪಿಯುಸಿಗಿಂತ ಮೊದಲೇ ಓದಿದ್ದೇವೆ. ಅದನ್ನೇ ತಿರುಗಿಸಿ ಅರ್ಧ ದೂರಕ್ಕೆ ಲೆಕ್ಕ ಹಾಕಿದರೆ, 50 ಮೀಟರ್‌ನಲ್ಲಿ ನಾಲ್ಕು ಪಟ್ಟು ಬೆಳದಿಂಗಳು ಸಿಗುತ್ತದೆ.

ಲೆಕ್ಕ ಮುಗಿಸಿ ಅಳತೆಗೆ ಕುಳಿತೆ. ನಮ್ಮ ದವಸದ ಕೋಣೆಗೆ ಕಿಟಕಿ ಇಲ್ಲ. ರವಿವಾರ ಅಲ್ಲಿ ಟಾರ್ಚನ್ನು ಕಲ್ಲಿನ ನೆಲದ ಮೇಲೆ ಮಾಳಿಗೆಯತ್ತ ಮುಖ ಮಾಡಿ ನಿಲ್ಲಿಸಿ, ಪಕ್ಕದಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿದ ಮೊಬೈಲ್ ಇಟ್ಟೆ. ಈ ರೀತಿಯಲ್ಲಿ ನಿಖರ ಲ್ಯೂಮೆನ್ ಸಿಗುವುದಿಲ್ಲ. ಆದರೆ ಬೆಳಕು ಹೊತ್ತಿನಿಂದ ಹೊತ್ತಿಗೆ ಎಷ್ಟು ಇಳಿಯಿತು ಎಂಬುದು ಚೆನ್ನಾಗಿ ತಿಳಿಯುತ್ತದೆ.

ಅತಿ ಹೆಚ್ಚಿನ ಹಂತದಲ್ಲಿ ಮೊದಲ ಅಂಕೆಯನ್ನು ನೂರು ಎಂದು ಹಿಡಿದರೆ, ಮೂರು ನಿಮಿಷಕ್ಕೆ ಅರುವತ್ತು, ಹತ್ತು ನಿಮಿಷಕ್ಕೆ ಮೂವತ್ತೈದು. ಮೈ ಮುಟ್ಟಿದರೆ ಚಹಾದ ಸ್ಟೀಲ್ ಲೋಟದಷ್ಟು ಬಿಸಿ. ಬಿಸಿ ಏರಿದಾಗ ಎಲ್‌ಇಡಿ ಸುಡದಿರಲೆಂದು ಒಳಗಿನ ಸರ್ಕಿಟ್ಟೇ ಬೆಳಕು ಇಳಿಸುತ್ತದೆ. ಸಣ್ಣ ಮೈಗೆ ಬಿಸಿ ಹೊರಹಾಕುವ ಜಾಗವೂ ಸಣ್ಣದು. ಹಾಗಾಗಿ 1000 ಎಂಬುದು ನಾಯಿ ಬೆದರಿಸಲು, ದೂರದಲ್ಲಿ ಯಾರೆಂದು ನೋಡಲು, ಅಷ್ಟಕ್ಕೇ. ಮಧ್ಯಮ ಹಂತ, ಡಬ್ಬಿಯ ಪ್ರಕಾರ 350 ಲ್ಯೂಮೆನ್, ಎರಡೂವರೆ ಗಂಟೆ ಉರಿಯಿತು. ಆಮೇಲೆ ಮುಂದಿನ ರವಿವಾರ 100 ಲ್ಯೂಮೆನ್ ಹಂತ. ಫಜ್ರ್ ಮುಗಿಸಿ ಬಂದು ಆರು ಗಂಟೆಗೆ ಹೊತ್ತಿಸಿದ್ದು, ಮಧ್ಯಾಹ್ನ ಎರಡೂವರೆಗೆ ಆರಿತು. ಎಂಟೂವರೆ ಗಂಟೆ. ಕೊನೆಯ ಕಾಲು ಗಂಟೆ ಬಿಟ್ಟರೆ ಬೆಳಕು ಹೆಚ್ಚುಕಡಿಮೆ ಒಂದೇ ಸಮ. ರಾತ್ರಿ ಪಾಳಿ ಏಳು ಗಂಟೆ. ಅಬ್ಬಾನ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿತು.

ಉಳಿದ ಅರ್ಧ: ಆ 100 ಲ್ಯೂಮೆನ್‌ನಲ್ಲಿ ಹಾವು ಕಾಣುತ್ತದೆಯೇ? ಕತ್ತಲಲ್ಲಿ ಹಗ್ಗವನ್ನು ಹಾವೆಂದು ತಿಳಿದು ಹೆದರುವ ದೃಷ್ಟಾಂತ ಬಹಳ ಹಳೆಯದು. ಹೊಲದಲ್ಲಿ ಅಪಾಯ ಅದರ ತಿರುವುಮುರುವು: ಹಾವನ್ನು ಹಗ್ಗವೆಂದೋ ಕಬ್ಬಿನ ಸೋಗೆಯೆಂದೋ ತಿಳಿದು ತುಳಿಯುವುದು. ಆದ್ದರಿಂದ ನಾನು ಹಗ್ಗವನ್ನೇ ಹಾವು ಮಾಡಿದೆ. ಮಣ್ಣಿನ ಬಣ್ಣಕ್ಕೆ ತಿರುಗಿದ ಒಂದು ಮಾರು ಹಳೆಯ ಹಗ್ಗವನ್ನು ನನ್ನ ತಮ್ಮ ರವದಿಯ ಮೇಲೆ ತನಗೆ ತಿಳಿದ ಕಡೆ ಇಡುವುದು, ನಾನು ಬದುವಿನ ಆ ತುದಿಯಿಂದ ಈ ತುದಿಗೆ ನಡೆದು ಬರುವುದು, ಕಂಡ ಕೂಡಲೇ ನಿಲ್ಲುವುದು, ಅವನು ಹೆಜ್ಜೆ ಎಣಿಸುವುದು. ಪ್ರತಿಯೊಂದು ಬೆಳಕಿಗೆ ಐದೈದು ಸಲ.

ಮೊಬೈಲಿನ ಬೆಳಕಿನಲ್ಲಿ ಹಗ್ಗ ಕಂಡದ್ದು ಎರಡು-ಮೂರು ಹೆಜ್ಜೆ ಇರುವಾಗ. ಬೇಗ ನಡೆಯುವವನಿಗೆ ಅದು ಸಾಲದು. ದಾದಾನ ಉಕ್ಕಿನ ಟಾರ್ಚಿನಲ್ಲಿ ದೂರದ ಬೇವಿನ ಮರದ ಎಲೆ ಎಣಿಸಬಹುದಿತ್ತು. ಆದರೆ ಬೆಳಕಿನ ವೃತ್ತ ಚಿಕ್ಕದು, ವೃತ್ತ ಬೀಳದ ಜಾಗವೆಲ್ಲ ಕಪ್ಪು. ಐದರಲ್ಲಿ ಒಂದು ಸಲ ನಾನು ಹಗ್ಗವನ್ನು ದಾಟಿಯೇ ಹೋಗಿದ್ದೆ, ತಮ್ಮ ಹಿಂದಿನಿಂದ ಕೂಗಿದ. ಸಣ್ಣ ಟಾರ್ಚಿನ 100ರ ಹಂತದಲ್ಲಿ ಆರೇಳು ಹೆಜ್ಜೆ ದೂರದಿಂದ ಕಂಡಿತು. 350ರಲ್ಲಿ ಹತ್ತು. 1000ದಲ್ಲಿ ಹನ್ನೊಂದು, ಒಂದೇ ಹೆಜ್ಜೆ ಹೆಚ್ಚು. ಜೊತೆಗೆ ಹತ್ತಿರದ ಒಣ ಎಲೆಯ ಹೊಳಪು ಕಣ್ಣಿಗೆ ಹೊಡೆದು, ಟಾರ್ಚ್ ಆರಿಸಿದ ಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಬೆಳಕು ಹತ್ತು ಪಟ್ಟು ಹೆಚ್ಚಿಸಿದರೆ ಕಣ್ಣಿಗೆ ಕಾಣುವುದು ಹತ್ತು ಪಟ್ಟು ಹೆಚ್ಚುವುದಿಲ್ಲ.

ಇದರಿಂದ ನಾನು ತಿಳಿದದ್ದು ಎರಡು. ಬದುವಿನ ಮೇಲೆ ನಡೆಯುವವನಿಗೆ ದೂರಕ್ಕೆ ಬಾಣದಂತೆ ಹೋಗುವ ಬೆಳಕಿಗಿಂತ ಕಾಲ ಮುಂದೆ ಅಗಲವಾಗಿ ಹರಡುವ ಬೆಳಕು ಮೇಲು. ಇನ್ನೊಂದು, ಬೆಳಕಿನ ಬಣ್ಣ. ತೀರ ನೀಲಿಬಿಳುಪಿನ ಬೆಳಕಿನಲ್ಲಿ ರವದಿ, ಮಣ್ಣು, ಹಗ್ಗ ಎಲ್ಲ ಒಂದೇ ಬೂದಿಬಣ್ಣ. ಸ್ವಲ್ಪ ಹಳದಿ ಕಡೆಗಿರುವ, 4000ದಿಂದ 5000 ಕೆಲ್ವಿನ್ ಎಂದು ಬರೆದ ಬೆಳಕಿನಲ್ಲಿ ಕಂದು ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಅಂಗಡಿಯಲ್ಲಿ ನೀಲಿಬಿಳುಪಿನದೇ ಹೆಚ್ಚು ಪ್ರಖರ ಅನ್ನಿಸುತ್ತದೆ. ಹೊಲದಲ್ಲಿ ಹಾಗಲ್ಲ.

ಇನ್ನು ದಿನನಿತ್ಯದ ಮಾತು. ಡಬ್ಬಿಯ ಮೇಲೆ ಐಪಿಎಕ್ಸ್7 ಎಂದಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳಬೇಕು ಎಂಬ ಅರ್ಥ. ನಮ್ಮ ಬಕೆಟ್ ಅಷ್ಟು ಆಳ ಇಲ್ಲ, ಆದರೂ ಅರ್ಧ ಗಂಟೆ ಮುಳುಗಿಸಿ ಇಟ್ಟೆ. ಒಳಗೆ ಒಂದು ಹನಿಯೂ ಹೋಗಲಿಲ್ಲ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಗಟ್ಟಿಯಾಗಿ ಒತ್ತಿದ್ದರೆ ಮಾತ್ರ ಈ ಮಾತು. ಬುಡದ ಅಯಸ್ಕಾಂತವನ್ನು ನಾನು ಆಟಿಕೆ ಎಂದುಕೊಂಡಿದ್ದೆ, ಅಬ್ಬಾನಿಗೆ ಹೆಚ್ಚು ಹಿಡಿಸಿದ್ದು ಅದೇ. ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಗೆ ಅಂಟಿಸಿದರೆ ಎರಡೂ ಕೈ ಖಾಲಿ. ಕರೆಂಟಿನ ಹತ್ತಿರ ಕೈಯೊರೆಸಿಕೊಂಡು, ಕಣ್ಣಿಟ್ಟು ಕೆಲಸ ಮಾಡಬಹುದು.

ನ್ಯೂನತೆಗಳೂ ಇವೆ. ಗುಂಡಿ ಬಹಳ ಸಣ್ಣದು, ಕೆಸರು ಕೈಗೆ ಸಿಗುವುದಿಲ್ಲ. ಸೈಕಲ್ ಟ್ಯೂಬಿನ ಒಂದು ಉಂಗುರ ಕತ್ತರಿಸಿ ಗುಂಡಿಯ ಕೆಳಗೆ ಹಾಕಿದೆವು. ಈಗ ಬೆರಳು ತಾನೇ ಜಾಗ ಹುಡುಕುತ್ತದೆ, ಟಾರ್ಚ್ ಉರುಳುವುದೂ ಇಲ್ಲ. ಕ್ಲಿಪ್ಪು ಅಬ್ಬಾನ ರುಮಾಲಿನಲ್ಲಿ ನಿಲ್ಲುವುದಿಲ್ಲ, ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಜೇಬಿನಲ್ಲಿ ಗುಂಡಿ ತಾನೇ ಒತ್ತಿಹೋದರೆ ಬಟ್ಟೆ ಬಿಸಿಯಾಗುತ್ತದೆ, ಶೆಲ್ಲೂ ಖಾಲಿಯಾಗುತ್ತದೆ. ಬುಡದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಟ್ಟರೆ ಸಂಪರ್ಕ ಕಡಿದು ಆ ಚಿಂತೆ ಇರುವುದಿಲ್ಲ.

ಶೆಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಪಠ್ಯದಲ್ಲಿ ಹೆಸರು ಬರುವ ನೊಬೆಲ್ ಪ್ರಶಸ್ತಿ ಈ ಅಂಗೈಯಗಲದಲ್ಲಿ ಎರಡೆರಡಿವೆ. 2014ರ ಭೌತಶಾಸ್ತ್ರದ ಪ್ರಶಸ್ತಿ ನೀಲಿ ಎಲ್‌ಇಡಿಗೆ ಬಂತು. ಬಿಳಿ ಬೆಳಕು ಬರುವುದು ಆ ನೀಲಿಯಿಂದಲೇ. 2019ರ ರಸಾಯನಶಾಸ್ತ್ರದ ಪ್ರಶಸ್ತಿ ಲಿಥಿಯಂ ಅಯಾನ್ ಶೆಲ್ಲಿಗೆ. ಇಷ್ಟು ಶಕ್ತಿ ಇಷ್ಟು ಚಿಕ್ಕ ಜಾಗದಲ್ಲಿ ಇದ್ದ ಮೇಲೆ ಎಚ್ಚರವೂ ಬೇಕು. ಪೇಟೆಯಲ್ಲಿ 9900 ಎಂಎಎಚ್ ಎಂದು ಬರೆದ 18650 ಶೆಲ್‌ಗಳು ಅಗ್ಗಕ್ಕೆ ಸಿಗುತ್ತವೆ. ಆ ಗಾತ್ರದಲ್ಲಿ ಅಷ್ಟು ತುಂಬುವುದಿಲ್ಲ. ಒಳ್ಳೆಯ ಶೆಲ್‌ಗಳೇ 3500ರ ಆಸುಪಾಸಿನವು. ನಂಬಿಕೆ ಬರದಿದ್ದರೆ ತೂಗಿ ನೋಡಿ, ಸರಿಯಾದ ಶೆಲ್ ಸುಮಾರು 45 ಗ್ರಾಂ ಇರುತ್ತದೆ. ಬಿಡಿ ಶೆಲ್ಲನ್ನು ಕೀಲಿ, ಚಿಲ್ಲರೆಯ ಜೊತೆ ಜೇಬಿಗೆ ಹಾಕಬಾರದು, ಎರಡು ತುದಿ ಕೂಡಿದರೆ ಬೆಂಕಿ. ಉಬ್ಬಿದ ಶೆಲ್ಲನ್ನು ಮತ್ತೆ ಚಾರ್ಜ್ ಮಾಡಬಾರದು, ತಿಪ್ಪೆಗೂ ಎಸೆಯಬಾರದು. ತಿಪ್ಪೆ ಹೋಗುವುದು ನಮ್ಮ ಹೊಲಕ್ಕೇ.

ಹಾಸಿಗೆಯ ಮೇಲೆ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಹಲವರಿಗಿದೆ. ಮಲಗುವಾಗ ದೀಪ ಆರಿಸಬೇಕು, ಇಲಿ ಬತ್ತಿ ಎಳೆದು ಮನೆಗೆ ಬೆಂಕಿ ಹತ್ತೀತು ಎಂದು ಪ್ರವಾದಿಯವರು (ಸ) ಎಚ್ಚರಿಸಿದ್ದನ್ನು ನಾವೆಲ್ಲ ಮಕ್ಕಳಿದ್ದಾಗ ಕೇಳಿದ್ದೇವೆ. ನಮ್ಮ ಕಾಲದ ಬತ್ತಿ ಈ ಚಾರ್ಜರಿನ ವೈರು. ನಾವು ಅಸರ್ ಹೊತ್ತಿಗೆ ಚಾರ್ಜಿಗೆ ಹಾಕಿ ಇಶಾಕ್ಕೆ ಮೊದಲೇ ತೆಗೆಯುತ್ತೇವೆ. ಮೂರು ಮೂರೂವರೆ ಗಂಟೆ ಸಾಕು.

ಈ ಟಾರ್ಚನ್ನು ನಾನು ಕೊಂಡದ್ದು ನನ್ನ ಜೇಬಿಗೆ. ಸಂಜೆಯ ಬಸ್ಸು ತಡವಾದಾಗ ಸ್ಟಾಪಿನಿಂದ ಓಣಿಯವರೆಗೆ, ಚಳಿಗಾಲದ ಫಜ್ರ್‌ಗೆ, ರಂಜಾನಿನಲ್ಲಿ ತರಾವೀಹ್ ಮುಗಿಸಿ ಬರುವಾಗ ಬೇಕೆಂದು. ಆ ಕೆಲಸಗಳಿಗೆ ಅದರ ಅತಿ ಕಡಿಮೆ, 10 ಲ್ಯೂಮೆನ್ ಹಂತವೂ ಸಾಕಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ಅದು ಅಬ್ಬಾನ ಕೊರಳಿನಲ್ಲಿತ್ತು. ನಾನು ವಾಪಸ್ ಕೇಳಲಿಲ್ಲ. ನನ್ನ ದಾರಿಗೆ ಬೀದಿದೀಪವಾದರೂ ಇದೆ. ಹಗಲು ಕರೆಂಟ್ ಬಂದರೆ ರಾತ್ರಿ ಟಾರ್ಚೇ ಬೇಡ ಎಂದು ಕಾಕಾ ಹೇಳಿದ್ದು ಸರಿಯಾದ ಮಾತು. ಆ ದಿನ ಬರುವವರೆಗೆ ಕೈಯಲ್ಲೊಂದು ನಂಬಿಕೆಯ ಬೆಳಕು ಇರಲಿ.

ಕೊಳ್ಳುವವರು ಡಬ್ಬಿಯ ದೊಡ್ಡ ಅಂಕೆಯನ್ನು ನೋಡಬೇಡಿ. 100 ಲ್ಯೂಮೆನ್ ಆಸುಪಾಸಿನ ಹಂತ ಎಷ್ಟು ಗಂಟೆ ಎಂದು ಕೇಳಿ. ಶೆಲ್ ಬದಲಿಸಲು ಬರುತ್ತದೆಯೇ ನೋಡಿ. ಮನೆಯಲ್ಲಿ ಈಗಾಗಲೇ ಟಾರ್ಚ್ ಇದ್ದರೆ ಬರುವ ರವಿವಾರ ಅದನ್ನು ಪರೀಕ್ಷಿಸಿ, ಇದಕ್ಕೆ ಆ್ಯಪೂ ಬೇಡ, ಪ್ರಯೋಗಾಲಯವೂ ಬೇಡ. ಪೂರ್ತಿ ಚಾರ್ಜ್ ಮಾಡಿ ಫಜ್ರ್ ಮುಗಿಸಿ ಹೊತ್ತಿಸಿರಿ. ಝುಹರ್‌ಗೆ ಎದ್ದು ಹೋಗುವಾಗಲೂ ಹಾಗೇ ಉರಿಯುತ್ತಿದ್ದರೆ, ಅದನ್ನು ಹಿಡಿದು ನಿಮ್ಮ ಮನೆಯವರು ರಾತ್ರಿ ಹೊಲಕ್ಕೆ ಹೋಗಬಹುದು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ